ಸ್ಟ್ಯಾಂಥೋರ್ಪಿನಲ್ಲಿ ಹಿಮ ಬೀಳುವುದಿಲ್ಲ

ಆಸ್ಟ್ರೇಲಿಯಾ ವೀಸಾ ಕೈಗೆ ಬಂದ ದಿನವೇ ಉದಯಶಂಕರ ಮೈಸೂರಿನ ದೇವರಾಜ ಅರಸ್ ರಸ್ತೆಗೆ ಹೋಗಿ, ಮಂಡಿಯಿಂದ ಕೆಳಕ್ಕೆ ಬರುವಂಥ ದಪ್ಪ ಉಣ್ಣೆಯ ಕೋಟೊಂದನ್ನು ಕೊಂಡಿದ್ದ. ಹೊರದೇಶವೆಂದರೆ ಹಿಮ ಎಂಬುದು ಚಿಕ್ಕಂದಿನಿಂದ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಬ್ರಿಸ್ಬೇನ್ ಭೂಪಟದಲ್ಲಿ ಎಲ್ಲಿದೆ, ಅಲ್ಲಿ ಎಂಥ ಹವೆ ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಮನಸ್ಸಿನ ಆಸೆ ಭೂಗೋಳವನ್ನು ಓದಿರಲಿಲ್ಲ. ಡಿಸೆಂಬರಿನ ಉರಿಬಿಸಿಲಿನಲ್ಲಿ, ಆ ಕೋಟನ್ನು ಎಳೆಮಗುವಿನಂತೆ ತೋಳಮೇಲೆ ಹೊತ್ತು ಅವನು ವಿಮಾನದಿಂದ ಇಳಿದಾಗ, ಬೆವರು ಹುಬ್ಬಿನಿಂದ ತೊಟ್ಟಿಕ್ಕುತ್ತಿತ್ತು. ಹೆಂಡತಿ ಗೀತಾ ಅವತ್ತು ಏನೂ ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ ಹೇಳುತ್ತಲೇ ಇದ್ದಳು.

ಕ್ಯಾಲಮ್‌ವೇಲ್‌ನಲ್ಲಿ ಮನೆಯಾಯಿತು, ಸಾಫ್ಟ್‌ವೇರ್ ಕೆಲಸ ಗಟ್ಟಿಯಾಯಿತು, ಮಗಳು ಅದಿತಿ ಹುಟ್ಟಿ ಹೈಸ್ಕೂಲಿನ ಹೊಸ್ತಿಲಿಗೆ ಬಂದಳು. ಹಿಮ ಮಾತ್ರ ಬರಲಿಲ್ಲ. ಟಿಕೆಟ್ ತೆಗೆದು ನ್ಯೂಜಿಲೆಂಡಿಗೆ ಹೋಗಿ ನೋಡಿ ಬರಬಹುದಲ್ಲ ಎಂದು ಗೀತಾ ಎಷ್ಟೋ ಸಲ ಕೇಳಿದ್ದಳು. ಅವನಿಗೆ ಅದು ಒಪ್ಪಿಗೆಯಿಲ್ಲ. ಹಿಮ ಇರುವಲ್ಲಿಗೆ ಹೋಗಿ ನೋಡುವುದರಲ್ಲಿ ಏನು ಹೆಚ್ಚುಗಾರಿಕೆ? ಬೀಳದಿರುವ ಕಡೆ ಬೀಳುತ್ತದೆಂದು ಮೊದಲೇ ಹೇಳಿ, ಹೇಳಿದ ದಿನ ಅಲ್ಲಿ ನಿಂತು, ತಲೆಯ ಮೇಲೆ ಬೀಳಿಸಿಕೊಳ್ಳಬೇಕು. ಅದು ಅವನ ಪಟ್ಟು.

ಈ ಹುಚ್ಚಿನಲ್ಲಿ ಅವನು ಒಂಟಿಯಾಗಿರಲಿಲ್ಲ. ಹವಾಮಾನದ ಹುಚ್ಚರು ಸೇರುವ ಒಂದು ಆಸ್ಟ್ರೇಲಿಯನ್ ವೆಬ್‌ಸೈಟಿನಲ್ಲಿ, ಮೋಡದ ಬಗ್ಗೆ ಜಗಳವಾಡುತ್ತಾ ಆಡುತ್ತಾ, ಎದುರಾಳಿ ಸಿಟ್ಟಿನಲ್ಲಿ ‘ಅಯ್ಯೋ ರಾಮ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಕಂಡು ಅವನ ಕಿವಿ ನೆಟ್ಟಗಾಗಿತ್ತು. ಹಾಗೆ ಸಿಕ್ಕವನು ಪರ್ತಿನ ನಾಗರಾಜ. ಗಣಿ ಎಂಜಿನಿಯರು. ಎರಡು ವಾರ ಉತ್ತರದ ಮರಳುಗಾಡಿನಲ್ಲಿ ಬೆಂದು, ಒಂದು ವಾರ ಮನೆಗೆ ಬರುವ ಕೆಲಸ ಅವನದು. ತಂಪಿನ ಮೇಲೆ ಅವನಿಗಿದ್ದ ಆಸೆಯನ್ನು ಯಾರೂ ತಪ್ಪೆನ್ನುವಂತಿರಲಿಲ್ಲ. ಮೂರನೆಯವರು ಅಡಿಲೇಡಿನ ಮಾಸನ್ ಲೇಕ್ಸ್‌ನ ಪಾರ್ವತಿ ಮೇಡಂ. ಬೆಂಗಳೂರಿನ ಜಯನಗರದವರು, ರೇಡಾರ್ ಕಂಪನಿಯೊಂದರಲ್ಲಿ ಎಂಜಿನಿಯರು, ನಿವೃತ್ತಿಗೆ ಹತ್ತಿರವಾದವರು. ಮೂವರಲ್ಲಿ ಓದಿಕೊಂಡವರು ಅವರೊಬ್ಬರೇ. ಉಳಿದ ಇಬ್ಬರದು ಭಕ್ತಿ.

ಮೂವರೂ ಸೇರಿ ವಾಟ್ಸಾಪಿನಲ್ಲಿ ‘ಮಂಜಿನ ಮಂದಿ’ ಎಂದು ಗುಂಪು ಕಟ್ಟಿಕೊಂಡರು. ಮಂಜು ಅಂದರೆ ಫಾಗು, ಸ್ನೋ ಅಂದರೆ ಹಿಮ, ಹೆಸರೇ ತಪ್ಪು ಎಂದು ಪಾರ್ವತಿ ಮೇಡಂ ಮೊದಲ ದಿನವೇ ಆಕ್ಷೇಪಿಸಿದರು. ಪ್ರಾಸ ಚೆನ್ನಾಗಿದೆ ಎಂದು ನಾಗರಾಜ ಬಿಡಲಿಲ್ಲ.

ಪ್ರತಿವರ್ಷ ಯುಗಾದಿ ಕಳೆಯುತ್ತಿದ್ದಂತೆ, ಅಂದರೆ ಅಲ್ಲಿ ಜೂನಿಗೆ ಬರುವ ಚಳಿಗಾಲ ಇನ್ನೂ ದೂರವಿರುವಾಗಲೇ, ಗುಂಪಿನಲ್ಲಿ ಚರ್ಚೆ ಕಾವೇರುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಬೆಟ್ಟ. ಬ್ರಿಸ್ಬೇನಿನಿಂದ ಮೂರು ಗಂಟೆ ದಾರಿಯಲ್ಲಿ, ಎತ್ತರದ ಸೇಬಿನ ಸೀಮೆಯಲ್ಲಿರುವ ಸ್ಟ್ಯಾಂಥೋರ್ಪ್ ಊರು ಉದಯಶಂಕರನದು. ಪರ್ತಿನಿಂದ ಅರ್ಧ ದಿನ ದೂರದ ಬ್ಲಫ್ ನೋಲ್ ಬೆಟ್ಟ ನಾಗರಾಜನದು. ಅಡಿಲೇಡಿನ ಬೆನ್ನಿಗೇ ಇರುವ ಮೌಂಟ್ ಲಾಫ್ಟಿ ಪಾರ್ವತಿ ಮೇಡಂ ಅವರದು. ಮೂರೂ ಕಡೆ ಅಪರೂಪಕ್ಕೆ ಯಾವಾಗಲೋ ಒಮ್ಮೆ ಹಿಮ ಬೀಳುವುದುಂಟು. ಬಿದ್ದಾಗ ಇವರು ಯಾರೂ ಅಲ್ಲಿರಲಿಲ್ಲ, ಅಷ್ಟೇ.

ಊಹಿಸುವ ಬಗೆಯೂ ಒಬ್ಬೊಬ್ಬರದು ಒಂದೊಂದು. ಪಾರ್ವತಿ ಮೇಡಂ ಹವೆ ಲೆಕ್ಕಹಾಕುವ ಯುರೋಪಿನವರ ಕಂಪ್ಯೂಟರ್ ಮಾಡೆಲ್ ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಉದಯಶಂಕರನಿಗೆ ಅಮೆರಿಕದ ಮಾಡೆಲ್ ಇಷ್ಟ. ಏಕೆಂದರೆ ಅದು ಎರಡು ವಾರ ಮುಂಚೆ ಕೇಳಿದಷ್ಟು ಹಿಮ ಕೊಡುತ್ತಿತ್ತು. ದಿನ ಹತ್ತಿರ ಬಂದಂತೆ ಒಂದೊಂದೇ ಸೆಂಟಿಮೀಟರು ವಾಪಸು ತೆಗೆದುಕೊಳ್ಳುತ್ತಿತ್ತು, ಆ ಮಾತು ಬೇರೆ. ನಾಗರಾಜನಿಗೆ ತನ್ನ ಎಡಮಂಡಿಯೇ ಮಾಡೆಲ್ಲು. ಮಂಡಿ ಹಿಡಿದುಕೊಂಡರೆ ದಕ್ಷಿಣದಿಂದ ಚಳಿಗಾಳಿ ಹೊರಟಿದೆ ಎಂದು ಅರ್ಥ.

ಆಕಾಶದಿಂದ ಬೀಳುವ ಬಿಳಿಯ ವಸ್ತುಗಳಿಗೆ ಪಾರ್ವತಿ ಮೇಡಂ ತಾವೇ ಹೆಸರಿಟ್ಟಿದ್ದರು. ಹತ್ತಿಯ ಎಸಳಿನಂತೆ ತೇಲುತ್ತಾ ಇಳಿದರೆ ಅದು ‘ಅರಳೆ’, ನಿಜವಾದ ಹಿಮ. ಪುಟ್ಟ ಉಂಡೆಯಾಗಿ ಬಿದ್ದು ಪುಟಿದರೆ ‘ಸಾಬಕ್ಕಿ’, ಲೆಕ್ಕಕ್ಕಿಲ್ಲ. ಹಿಂದಿನ ವರ್ಷ ಮೌಂಟ್ ಲಾಫ್ಟಿಯ ಕಾರ್ ಪಾರ್ಕಿನಲ್ಲಿ ಸ್ವತಃ ಅವರ ಕೊಡೆಯ ಮೇಲೆಯೇ ಏನೋ ಬಿದ್ದಿತ್ತು. ಇಬ್ಬರೂ ಅಭಿನಂದನೆ ಹೇಳಿ ಮುಗಿಸುವುದರೊಳಗೆ, ಸಾಬಕ್ಕಿ ಎಂದು ತಾವೇ ತೀರ್ಪು ಕೊಟ್ಟುಕೊಂಡಿದ್ದರು. ಅಷ್ಟು ನಿಷ್ಠೆ.

೨೦೧೫ರ ಆ ಚಳಿಗಾಲದಲ್ಲಿ ಉದಯಶಂಕರ ಒಂದು ತಪ್ಪು ಮಾಡಿದ. ಗುಂಪಿನೊಳಗೆ ಹೇಳುವುದನ್ನು ಗುಂಪಿನ ಹೊರಗೆ ಹೇಳಿಬಿಟ್ಟ.

ಬ್ರಿಸ್ಬೇನಿನ ಕನ್ನಡ ಬಳಗದ ಸಭೆಯಲ್ಲಿ ಕಾರ್ಯದರ್ಶಿ ದಿನೇಶ, ಮಕ್ಕಳಿಗೆ ಏನಾದರೂ ಹೊಸ ಪ್ರವಾಸ ಹಾಕಬೇಕು, ಸಲಹೆ ಕೊಡಿ ಎಂದ. ಉದಯಶಂಕರ ಎದ್ದು ನಿಂತು, ಜೂನ್ ಕೊನೆಯ ಶನಿವಾರ ಸ್ಟ್ಯಾಂಥೋರ್ಪಿನಲ್ಲಿ ಹಿಮ ಬೀಳುತ್ತದೆ, ಎಲ್ಲರೂ ಹೋಗೋಣ ಎಂದುಬಿಟ್ಟ. ಅಮೆರಿಕದ ಮಾಡೆಲ್ ಅವತ್ತು ಬೆಳಿಗ್ಗೆ ತಾನೇ ಕ್ವೀನ್ಸ್‌ಲ್ಯಾಂಡಿನ ದಕ್ಷಿಣವನ್ನೆಲ್ಲ ಬಿಳಿಯಾಗಿ ಬಳಿದಿತ್ತು. ಇನ್ನೂ ಎರಡು ವಾರ ಇದೆಯಲ್ಲ, ಕಾದು ನೋಡಿ ಎಂದು ಪಾರ್ವತಿ ಮೇಡಂ ಬರೆಯುವಷ್ಟರಲ್ಲಿ, ದಿನೇಶ ಬಸ್ಸು ಮಾತಾಡಿಬಿಟ್ಟಿದ್ದ. ಪ್ರವಾಸಕ್ಕೆ ‘ಹಿಮದರ್ಶನ’ ಎಂದು ಹೆಸರೂ ಆಯಿತು.

ಆ ಶನಿವಾರ ಬಸ್ಸು ಹತ್ತಿದ ಜನವನ್ನು ನೋಡಬೇಕಿತ್ತು. ಊರಿನಿಂದ ತಂದು ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಮಂಕಿ ಕ್ಯಾಪುಗಳೆಲ್ಲ ಹೊರಬಂದಿದ್ದವು. ಒಬ್ಬರ ಮೇಲೆ ಎರಡು ಸ್ವೆಟರು, ಸ್ವೆಟರಿನ ಮೇಲೆ ಶಾಲು, ಕಿವಿಗೆ ಹತ್ತಿ. ಉದಯಶಂಕರ ತನ್ನ ಕೋಟು ತೊಟ್ಟು ಡ್ರೈವರಿನ ಪಕ್ಕದಲ್ಲಿ ನಿಂತು, ಮೇಲ್ಗಾಳಿ, ಶೀತವಲಯ ಎಂದೆಲ್ಲ ಮೈಕಿನಲ್ಲಿ ವಿವರಿಸಿದ. ಸ್ಟ್ಯಾಂಥೋರ್ಪಿನಲ್ಲಿ ಇಳಿದಾಗ ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಹಿತವಾದ ಎಳೆಬಿಸಿಲು. ಊರಿನವರು ಚಡ್ಡಿ ತೊಟ್ಟು ನಾಯಿ ತಿರುಗಾಡಿಸುತ್ತಿದ್ದರು. ಸೇಬು ಮಾರುತ್ತಿದ್ದ ಮುದುಕರೊಬ್ಬರು ಮಂಕಿ ಕ್ಯಾಪಿನ ಮೆರವಣಿಗೆಯನ್ನು ನೋಡಿ, ಇದು ಯಾವ ದೇವರ ಹಬ್ಬ ಎಂದು ಬಹಳ ಗೌರವದಿಂದ ವಿಚಾರಿಸಿದರು.

ಪುಳಿಯೋಗರೆ, ಮೊಸರನ್ನ ಮುಗಿಯುವವರೆಗೂ ಎಲ್ಲರೂ ಕಾದರು. ಆಮೇಲೆ ಒಬ್ಬೊಬ್ಬರಾಗಿ ಸ್ವೆಟರು ಬಿಚ್ಚತೊಡಗಿದರು. ದಿನೇಶನ ಹೆಂಡತಿ ಶಾರದಾ ಮಂಕಿ ಕ್ಯಾಪಿನಲ್ಲೇ ಗಾಳಿ ಹಾಕಿಕೊಳ್ಳುತ್ತಾ ಕೂತಳು. ಉದಯಶಂಕರ ಮಾತ್ರ ಕೋಟು ಬಿಚ್ಚಲಿಲ್ಲ. ಬಿಚ್ಚಿದರೆ ಸೋತಂತೆ ಎಂದು ಅವನ ಲೆಕ್ಕ. ವಾಪಸು ಬರುವಾಗ ಬಸ್ಸಿನ ತುಂಬಾ ಸೇಬಿನ ವಾಸನೆ, ಯಾರೂ ಅವನ ಹತ್ತಿರ ಮಾತಾಡಲಿಲ್ಲ. ಮಾರನೆಯ ದಿನದಿಂದ ಬಳಗದಲ್ಲಿ ಅವನ ಹೆಸರು ‘ಹಿಮಶಂಕರ’ ಎಂದಾಯಿತು.

ಅವನು ಆ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವಾಗಲೇ ನಾಗರಾಜನ ಮಂಡಿ ಹಿಡಿದುಕೊಂಡಿತು. ಹಿಂದೆಂದೂ ಹೀಗೆ ಹಿಡಿದುಕೊಂಡಿರಲಿಲ್ಲವಂತೆ. ಜುಲೈ ಮೂರನೆಯ ವಾರ ಅವನಿಗೆ ರಜೆ. ದಕ್ಷಿಣದಿಂದ ಚಳಿಯ ಅಲೆ ಬರುವುದನ್ನು ಮಾಡೆಲ್ಲುಗಳೂ ಒಪ್ಪಿದ್ದವು. ಶುಕ್ರವಾರ ಬ್ಲಫ್ ನೋಲ್ ತುದಿಯಲ್ಲಿ ನಿಂತರೆ ಹಿಮ ಗ್ಯಾರಂಟಿ, ಇಬ್ಬರೂ ಪರ್ತಿಗೆ ಬಂದುಬಿಡಿ, ಇಷ್ಟು ವರ್ಷ ಬರೀ ಫೋನಿನಲ್ಲೇ ಆಯಿತು ಎಂದು ನಾಗರಾಜ ಕರೆದ. ಪಾರ್ವತಿ ಮೇಡಂ ಒಪ್ಪಿದ್ದು ಆಶ್ಚರ್ಯ. ಉದಯಶಂಕರ ಒಪ್ಪಿದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಟಿಕೆಟುಗಳಾದವು.

ಹೊರಡುವ ಹಿಂದಿನ ದಿನ, ಬುಧವಾರ, ಬಳಗದ ವಾಟ್ಸಾಪಿನಲ್ಲಿ ದಿನೇಶ ಕೇಳಿದ. ಶುಕ್ರವಾರ ಸ್ಟ್ಯಾಂಥೋರ್ಪ್ ಕಡೆ ಹಿಮ ಬೀಳಬಹುದು ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ, ಉದಯಣ್ಣ ಏನಂತಾರೆ?

ಅದನ್ನು ಉದಯಶಂಕರನೂ ನೋಡಿದ್ದ. ಅಮೆರಿಕದ ಮಾಡೆಲ್ ಮತ್ತೆ ಅದೇ ಬಿಳಿ ಬಣ್ಣ ಬಳಿದಿತ್ತು. ಈ ಸಲ ಯುರೋಪಿನದೂ ಅಷ್ಟಿಷ್ಟು ಜೊತೆ ಕೊಟ್ಟಿತ್ತು. ನಿಮ್ಮ ಕಡೆಯೇ ಚಾನ್ಸ್ ಜಾಸ್ತಿ ಕಾಣುತ್ತದೆ, ಯೋಚನೆ ಮಾಡಿ ಎಂದು ಪಾರ್ವತಿ ಮೇಡಂ ಕೂಡ ಬರೆದಿದ್ದರು. ಆದರೆ ಅವನ ಕಣ್ಣ ಮುಂದೆ ಬಂದದ್ದು ಮಂಕಿ ಕ್ಯಾಪಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ ಶಾರದಾ. ಮತ್ತೊಂದು ಬಸ್ಸು, ಮತ್ತೊಂದು ಸಲ ಆ ಮೌನ, ತನ್ನಿಂದಾಗದು. ಅದಲ್ಲದೆ ಟಿಕೆಟ್ ವಾಪಸಾಗುವಂಥದ್ದೂ ಅಲ್ಲ. ಅವನು ಒಂದೊಂದೇ ಅಕ್ಷರ ಒತ್ತಿ ಬರೆದ: ‘ಸ್ಟ್ಯಾಂಥೋರ್ಪಿನಲ್ಲಿ ಹಿಮ ಬೀಳುವುದಿಲ್ಲ. ಕೆಳಮಟ್ಟದಲ್ಲಿ ಗಾಳಿ ತೀರಾ ಒಣಗಿದೆ. ದಯವಿಟ್ಟು ಯಾರೂ ಹೋಗಬೇಡಿ.’ ಬರೆದು, ಗುರುವಾರ ಬೆಳಿಗ್ಗೆ ಪರ್ತಿನ ವಿಮಾನ ಹತ್ತಿದ. ಹೊರಗೆ ಬೆಳಗಿನ ಚಳಿ ಅಸಾಧ್ಯವಾಗಿತ್ತು. ಅದನ್ನು ಅವನು ಬೇಕೆಂದೇ ಗಮನಿಸಲಿಲ್ಲ. ಕೋಟನ್ನೂ ಮನೆಯಲ್ಲೇ ಬಿಟ್ಟಿದ್ದ. ಈಗ ಅದರ ಮುಖ ನೋಡಿದರೆ ಬಸ್ಸಿನ ನೆನಪಾಗುತ್ತಿತ್ತು.

ಮೂವರೂ ಮೊದಲ ಸಲ ಎದುರುಬದುರಾದದ್ದು ಪರ್ತ್ ವಿಮಾನ ನಿಲ್ದಾಣದಲ್ಲಿ. ಫೋಟೋದಲ್ಲಿ ದಪ್ಪಗೆ ಕಾಣುತ್ತಿದ್ದ ನಾಗರಾಜ ಕಡ್ಡಿಯಂತಿದ್ದ. ದನಿಯಿಂದ ಆರಡಿ ಎಂದುಕೊಂಡಿದ್ದ ಪಾರ್ವತಿ ಮೇಡಂ ಅವನ ಭುಜಕ್ಕೆ ಬರುತ್ತಿದ್ದರು, ಬೂದು ಕೂದಲಿನ ಜಡೆ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಬಿದ್ದದ್ದನ್ನು ಪರೀಕ್ಷಿಸದೆ ಯಾವ ಹಿಮವನ್ನೂ ಒಪ್ಪುವುದಿಲ್ಲ ಎಂದು ಕಾರು ಹತ್ತುವಾಗಲೇ ಹೇಳಿದರು. ದಾರಿಯುದ್ದಕ್ಕೂ ಗೋಧಿ ಹೊಲ, ಕುರಿ, ಸರ್ವೋ ಎನ್ನುವ ಪೆಟ್ರೋಲ್ ಬಂಕುಗಳಲ್ಲಿ ಕಾಫಿ, ಎಲ್ ನಿನ್ಯೋದ ಬಗ್ಗೆ ಜಗಳ. ಎಲ್ ನಿನ್ಯೋ ವರ್ಷದಲ್ಲಿ ಮೋಡವೇ ಕಡಿಮೆ, ಬರೀ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದು ಮೇಡಂ. ಹಾಗಾದರೆ ತನ್ನ ಮಂಡಿ ಏಕೆ ಹೀಗೆ ಸಿಡಿಯುತ್ತಿದೆ ಎಂದು ನಾಗರಾಜ. ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು ಎಂದು ಮೇಡಂ. ಉದಯಶಂಕರನಿಗೆ ಅಷ್ಟು ಖುಷಿಯಾಗಿ ಎಷ್ಟೋ ಕಾಲವಾಗಿತ್ತು. ಈ ಕಾರಿನಲ್ಲಿ ಯಾರೂ ಅವನನ್ನು ಹಿಮಶಂಕರ ಎನ್ನುತ್ತಿರಲಿಲ್ಲ.

ಬೆಟ್ಟದ ಬುಡದ ಮೋಟೆಲಿನಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ಹತ್ತತೊಡಗಿದರು. ಮೆಟ್ಟಿಲು ಎಂದರೆ ಮೆಟ್ಟಿಲು. ಅರ್ಧಕ್ಕೆ ಬರುವಷ್ಟರಲ್ಲಿ ಮೋಡ ಸುತ್ತಿಕೊಂಡಿತು. ಗಾಳಿ ಕೆನ್ನೆಗೆ ಬಾರಿಸುವಂತೆ ಬೀಸುತ್ತಿತ್ತು. ನಾಗರಾಜನ ಮಂಡಿ ಈಗ ಭವಿಷ್ಯ ಬಿಟ್ಟು ವರ್ತಮಾನವನ್ನೇ ನುಡಿಯುತ್ತಿತ್ತು. ಅವನು ಅಲ್ಲಲ್ಲಿ ಕೂತು, ಅಲ್ಲಲ್ಲಿ ನರಳಿ, ಹೇಗೋ ಬಂದ. ತುದಿ ಮುಟ್ಟಿದಾಗ ಸುತ್ತ ಬರೀ ಬಿಳುಪು. ಆದರೆ ಅದು ಮಂಜು. ನಾಲ್ಕು ಹೆಜ್ಜೆ ಆಚೆ ಏನೂ ಕಾಣದಷ್ಟು ದಟ್ಟವಾದ, ನೂರಕ್ಕೆ ನೂರು ಫಾಗು. ಹೆಸರು ಬದಲಾಯಿಸಿ ಎಂದು ಅವತ್ತೇ ಹೇಳಿದ್ದೆ ಎಂದು ಮೇಡಂ ಮಂಜಿನೊಳಗಿನಿಂದ ಹೇಳಿದರು.

ಕಾದರು. ಕಾಲಿನ ಬೆರಳು ಮರಗಟ್ಟಿದವು. ಆಗ ಮೇಡಂ ಅವರ ಕರಿಯ ಜಾಕೆಟ್ಟಿನ ತೋಳಿನ ಮೇಲೆ ಒಂದು ಬಿಳಿಯ ಎಸಳು ಬಂದು ಕೂತಿತು.

“ಅಲ್ಲಾಡ್ಬೇಡಿ ಮೇಡಂ,” ಎಂದ ಉದಯಶಂಕರ.

ಇನ್ನೊಂದು ಬಂತು. ಮತ್ತೆರಡು. ತೆಳ್ಳಗೆ, ಹಗುರಾಗಿ, ಗಾಳಿಯಲ್ಲಿ ತೇಲಿಕೊಂಡೇ ಬಂದವು. ಪುಟಿಯಲಿಲ್ಲ. ಸಾಬಕ್ಕಿಯಂತೂ ಅಲ್ಲವೇ ಅಲ್ಲ. ಪಾರ್ವತಿ ಮೇಡಂ ಉಸಿರು ಬಿಗಿಹಿಡಿದು ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು. ಉದಯಶಂಕರನ ಕಣ್ಣಲ್ಲಿ ನೀರು ಬಂದಿತ್ತು; ಗಾಳಿಗೆ ಎಂದು ಹೇಳಿಕೊಳ್ಳಬಹುದಾಗಿತ್ತು. ಇಷ್ಟು ವರ್ಷದ ಆಸೆ, ತೋಳಿನ ಮೇಲೆ, ಕರಗದೆ ಕೂತಿದೆ.

“ಇದು ಯಾಕೆ ಕರಗ್ತಾ ಇಲ್ಲ?” ಎಂದರು ಮೇಡಂ.

ಉದಯಶಂಕರ ಒಂದು ಎಸಳನ್ನು ಬೆರಳ ತುದಿಯಿಂದೆತ್ತಿ ನಾಲಿಗೆಯ ಮೇಲಿಟ್ಟುಕೊಂಡ. ಸ್ವಲ್ಪ ಉಪ್ಪಿತ್ತು. ಒಗ್ಗರಣೆಯ ವಾಸನೆಯೂ ಇತ್ತು.

ಗಾಳಿಯ ಮೇಲ್ಬದಿಯ ಬಂಡೆಯ ಮೇಲೆ ಕೂತು ನಾಗರಾಜ ಚಿತ್ರಾನ್ನದ ಡಬ್ಬಿ ತೆರೆದಿದ್ದ. ಅವನ ಹೆಂಡತಿ ತೆಂಗಿನ ತುರಿಯನ್ನು ಉದಾರವಾಗಿ ಉದುರಿಸಿದ್ದಳು. “ಹಸಿವಾಯ್ತು ಕಣ್ರೀ, ನೀವಿಬ್ರೂ ಏನೋ ನೋಡ್ತಾ ಇದ್ರಲ್ಲ, ಡಿಸ್ಟರ್ಬ್ ಮಾಡೋದು ಬೇಡ ಅಂತ ಸುಮ್ನಿದ್ದೆ,” ಎಂದ.

ಮೂವರೂ ಚಿತ್ರಾನ್ನ ತಿಂದರು. ಚೆನ್ನಾಗಿತ್ತು.

ಕೆಳಗಿಳಿದು ತಪ್ಪಲಿನ ಕಾಫಿ ಅಂಗಡಿಗೆ ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಸಿಕ್ಕಿದ್ದೇ ತಡ, ಉದಯಶಂಕರನ ಜೇಬಿನಲ್ಲಿ ಫೋನು ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಡತೊಡಗಿತು. ಮೊದಲ ಫೋಟೋದಲ್ಲಿ ಬಿಳಿಯ ನೆಲದ ಮೇಲೆ ದಿನೇಶ ಅಂಗಾತ ಮಲಗಿದ್ದ. ಎರಡನೆಯದರಲ್ಲಿ ಶಾರದಾ, ಮಂಕಿ ಕ್ಯಾಪ್ ತೊಟ್ಟು, ಬಾಯಿ ತೆರೆದು ಆಕಾಶ ನೋಡುತ್ತಿದ್ದಳು. ನಾಲಿಗೆಯ ಮೇಲೆ ಹಿಮ ಬೀಳಿಸಿಕೊಳ್ಳುವ ಪ್ರಯತ್ನ. ಆಮೇಲೆ ಹಿಮದ ಗೊಂಬೆ, ಅದಕ್ಕೆ ಯಾರೋ ಬಳಗದ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಸ್ಟ್ಯಾಂಥೋರ್ಪಿನ ರಸ್ತೆ, ಮರ, ಕಾರಿನ ಬಾನೆಟ್ಟು, ಎಲ್ಲ ಬೆಳ್ಳಗೆ. ಕೊನೆಯಲ್ಲಿ, ನಡುವೆ ನಿಂತು ನಗುತ್ತಿರುವ ಗೀತಾ. ಸ್ಕೂಲಿಗೆ ಒಂದು ದಿನ ರಜೆ ಹಾಕಿಸಲು ಜ್ವರವೇ ಬರಬೇಕು ಎನ್ನುವ ಗೀತಾ, ಪಕ್ಕದಲ್ಲಿ ಅದಿತಿಯನ್ನು ನಿಲ್ಲಿಸಿಕೊಂಡಿದ್ದಳು. ಗೀತಾಳ ಮೈಮೇಲೆ ಅವನ ಕೋಟಿತ್ತು.

ಅವನು ಫೋನು ಮಾಡಿದ.

“ರೀ, ನೋಡಿದ್ರಾ?” ಎಂದಳು ಗೀತಾ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. “ಬೆಳಿಗ್ಗೆಯಿಂದ ಬೀಳ್ತಾನೇ ಇತ್ತು. ಎಷ್ಟು ಚೆನ್ನಾಗಿದೆ ಗೊತ್ತಾ, ಸದ್ದೇ ಇಲ್ಲ.”

“ಬೀಳಲ್ಲ ಅಂತ ನಾನು ಹಾಕಿದ್ನಲ್ಲ. ಹಾಗಿದ್ರೂ ಹೋದ್ರಾ?”

ಗೀತಾ, ಪೆಟ್ಟಾಗದಂತೆ ಹೇಳುವ ದನಿಯಲ್ಲಿ ಹೇಳಿದಳು. “ಅದಕ್ಕೇ ಬಂದ್ವಿ ರೀ. ನೀವು ಬೀಳಲ್ಲ ಅಂದ ತಕ್ಷಣ ದಿನೇಶ್ ಎಲ್ರಿಗೂ ಫೋನ್ ಮಾಡ್ಬಿಟ್ರು, ಈ ಸಲ ಖಂಡಿತ ಬೀಳತ್ತೆ, ಹೊರಡಿ ಅಂತ.”

ಪಾರ್ವತಿ ಮೇಡಂ ಫೋನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಒಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಉದಯಶಂಕರ ಆಸೆಯಿಂದ ಅವರ ಮುಖವನ್ನೇ ನೋಡುತ್ತಿದ್ದ. ಸಾಬಕ್ಕಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಅರಳೆ,” ಎಂದರು ಮೇಡಂ. “ಅನುಮಾನವೇ ಇಲ್ಲ. ಸಾರಿ ಉದಯ್.”

ನಾಗರಾಜ ಎದ್ದು ಹೋಗಿ ಅವನಿಗೊಂದು ದೊಡ್ಡ ತಟ್ಟೆ ಬಿಸಿ ಚಿಪ್ಸ್ ತಂದಿಟ್ಟ. ಗಂಡಸರು ಗಂಡಸರಿಗೆ ಸಮಾಧಾನ ಹೇಳುವ ರೀತಿ ಅದು. ಇನ್ನೂ ಅರ್ಧ ಚಳಿಗಾಲ ಬಾಕಿಯಿದೆ ಎಂದೂ ಸೇರಿಸಿದ. ಯಾರ ಮಂಡಿಯ ಪ್ರಕಾರ ಎಂದು ಮೇಡಂ ಕೇಳಲಿಲ್ಲ. ಅದು ಅವರ ದೊಡ್ಡತನ.

ಶನಿವಾರ ಸಂಜೆ ಅವನು ಕ್ಯಾಲಮ್‌ವೇಲ್‌ನ ಮನೆಗೆ ಬಂದಾಗ ಗೀತಾ ಬಾಗಿಲಲ್ಲೇ, ಫ್ರೀಜರಿನಲ್ಲಿ ನಿಮಗೋಸ್ಕರ ಏನೋ ಇಟ್ಟಿದ್ದೀನಿ ಎಂದಳು. ಹಿಮವನ್ನು ಐಸ್‌ಕ್ರೀಮ್ ಡಬ್ಬಿಗೆ ತುಂಬಿ, ಎಸ್ಕಿ ಎನ್ನುವ ತಂಪುಪೆಟ್ಟಿಗೆಯಲ್ಲಿಟ್ಟುಕೊಂಡು, ಅಷ್ಟು ದೂರ ತಂದಿದ್ದಳಂತೆ. ಅವನು ಶೂ ಕೂಡ ಬಿಚ್ಚದೆ ಅಡುಗೆಮನೆಗೆ ನಡೆದ. ಫ್ರೀಜರ್ ತೆಗೆದು, ನುಗ್ಗೆಕಾಯಿ, ಬಟಾಣಿ ಪೊಟ್ಟಣಗಳ ಹಿಂದಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದ. ಒಳಗೆ ಬೆಳ್ಳಗೆ, ಸಡಿಲವಾಗಿ, ಪುಡಿಪುಡಿಯಾಗಿ ತುಂಬಿತ್ತು. ನೋಡುತ್ತಲೇ ನಿಂತ. ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

ಅದಿತಿ ಹಿಂದಿನಿಂದ ಬಂದು ಇಣುಕಿದಳು. “ಡ್ಯಾಡ್,” ಎಂದಳು, “ದಟ್ಸ್ ಕೋಕನಟ್.”

ಹಿಮದ ಡಬ್ಬಿ ಕೆಳಗಿನ ಅರೆಯಲ್ಲಿತ್ತು. ಅದರೊಳಗೆ ಬೂದುಬಣ್ಣದ, ಗಟ್ಟಿಯಾದ ಒಂದು ಗಡ್ಡೆ, ಒಂದೆರಡು ಹುಲ್ಲುಕಡ್ಡಿಗಳೊಂದಿಗೆ ಕೂತಿತ್ತು. ವಿಡಿಯೋದಲ್ಲಿ ಅದನ್ನು ನೋಡಿದ ಪಾರ್ವತಿ ಮೇಡಂ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದನ್ನು ಹಿಮ ಎನ್ನಲಾಗದು, ಅದು ಐಸು ಎಂದರು. ನಾಗರಾಜ, ಹುಟ್ಟಿದ್ದು ಹಿಮವಾಗಿಯೇ ತಾನೇ, ಜಾತಿ ಕೆಡಿಸಬೇಡಿ ಎಂದು ವಾದಿಸಿದ. ವಾದ ಮುಗಿಯುವುದರೊಳಗೆ ಗಡ್ಡೆ ಮೇಜಿನ ಮೇಲೆ ಕರಗಿ ಹರಿದು, ಗೀತಾ ಒರೆಸುವ ಬಟ್ಟೆ ತಂದಳು. ಒರೆಸುವ ಮೊದಲು ಉದಯಶಂಕರ ಅಂಗೈಯನ್ನು ಆ ನೀರಿನಲ್ಲಿ ಅದ್ದಿ ಕೆನ್ನೆಗೆ ಒತ್ತಿಕೊಂಡ. ತಣ್ಣಗಿತ್ತು. ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳಬೇಕೆಂದು ನಿರ್ಧರಿಸಿದ.

ಆದರೆ ಕತೆ ಅವನನ್ನು ಅಲ್ಲಿಗೇ ಬಿಡಲಿಲ್ಲ. ಬಳಗದಲ್ಲಿ ಅವನ ಬೆಲೆ ಏಕಾಏಕಿ ಏರಿತ್ತು. ಹವಾಮಾನ ಇಲಾಖೆ ಹತ್ತಕ್ಕೆ ಒಂದೆರಡು ಸಲ ತಪ್ಪಬಹುದು, ಉದಯಣ್ಣ ಹೇಳಿದ್ದು ಮಾತ್ರ ಎಂದೂ ಆಗುವುದಿಲ್ಲ, ಅದಕ್ಕಿಂತ ನಂಬಿಕಸ್ಥ ಬೇರೆ ಏನಿದೆ ಎಂದು ಜನ ಮಾತಾಡಿಕೊಂಡರು. ಯಾರದೋ ಮನೆಯ ಬಾರ್ಬೆಕ್ಯೂಗೆ, ಯಾರದೋ ಕ್ರಿಕೆಟ್ ಮ್ಯಾಚಿಗೆ ಫೋನುಗಳು ಬರತೊಡಗಿದವು. ಅವನು ಮಳೆಯೆಂದರೆ ಬಟ್ಟೆ ಒಣಹಾಕುತ್ತಿದ್ದರು. ಚಳಿಗಾಲದ ಕೊನೆಗೆ ಬ್ರಿಸ್ಬೇನಿನಲ್ಲಿ ಮಳೆಯೇ ಕಡಿಮೆ. ಅವನು ಬೇಸರದಲ್ಲಿ ಎಲ್ಲರಿಗೂ ಮಳೆ ಎಂದು ಹೇಳಿಬಿಡುತ್ತಿದ್ದ, ಎಲ್ಲವೂ ಸರಿಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬ ಬಂತು. ರನ್‌ಕಾರ್ನ್‌ನ ಪಾರ್ಕಿನಲ್ಲಿ ಶನಿವಾರ ಬಳಗದ ಗಣಪತಿ ಕೂರಿಸುವುದೆಂದಾಯಿತು. ಅದೇ ವಾರದ ಮೊದಲಿಗೆ ಒಂದು ಬೆಳಿಗ್ಗೆ ದಿನೇಶ ಫೋನು ಮಾಡಿದ. ಅವನಿಗೆ ಮುಚ್ಚುಮರೆ ಗೊತ್ತಿಲ್ಲ.

“ಉದಯಣ್ಣ, ನೇರವಾಗಿ ಕೇಳ್ಬಿಡ್ತೀನಿ. ಶಾಮಿಯಾನ ಕಟ್ಟಿಸೋದು ದೊಡ್ಡ ತಲೆನೋವು. ನೀವು ಮಳೆ ಬರತ್ತೆ ಅಂದ್ಬಿಟ್ರೆ ನಾನು ಶಾಮಿಯಾನ ಕ್ಯಾನ್ಸಲ್ ಮಾಡಿಬಿಡ್ತೀನಿ. ಶನಿವಾರ ಹೇಗೆ?”

ಒಂದು ನಿಮಿಷ ಎಂದು ಉದಯಶಂಕರ ಲ್ಯಾಪ್‌ಟಾಪ್ ತೆರೆದ. ಗೀತಾ ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದಳು. ಅಮೆರಿಕದ ಮಾಡೆಲ್, ಯುರೋಪಿನ ಮಾಡೆಲ್, ಇಲಾಖೆಯದು, ಎಲ್ಲವನ್ನೂ ನೋಡಿದ. ಹುಟ್ಟಿದಾಗಿನಿಂದ ಒಮ್ಮತಕ್ಕೆ ಬಾರದ ಅವುಗಳೆಲ್ಲ ಅವತ್ತು ಒಂದಾಗಿದ್ದವು. ಶನಿವಾರ ಮಧ್ಯಾಹ್ನ, ಬ್ರಿಸ್ಬೇನಿನ ದಕ್ಷಿಣದ ಮೇಲೆ, ನಕ್ಷೆಯ ತುಂಬಾ ಕೆಂಡದ ಬಣ್ಣದ ಗುಡುಗುಮಳೆ. ಇಷ್ಟು ಖಚಿತವಾದ ಮಳೆಯನ್ನು ಅವನು ಕಂಡೇ ಇರಲಿಲ್ಲ.

ಮಳೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಶನಿವಾರ ಆಕಾಶ ಹರಿದು ಬೀಳುತ್ತದೆ, ಅವನ ಮಾತು ಎಲ್ಲರೆದುರು ನಿಜವಾಗುತ್ತದೆ, ಹಿಮಶಂಕರ ಎನ್ನುವ ಹೆಸರು ತೊಳೆದುಹೋಗುತ್ತದೆ. ಜೊತೆಗೆ ಗಣಪತಿಯೂ ತೊಳೆದುಹೋಗುತ್ತಾನೆ. ಮಣ್ಣಿನ ಗಣಪತಿ. ರೇಷ್ಮೆ ಸೀರೆಯ ಹೆಂಗಸರು, ಹಾಡು ಕಲಿತ ಮಕ್ಕಳು, ಪಾತ್ರೆಗಟ್ಟಲೆ ಅಡುಗೆ, ಎಲ್ಲ ಬಯಲಿನಲ್ಲಿ. ಮಳೆ ಇಲ್ಲ ಎಂದರೋ, ದಿನೇಶ ಶಾಮಿಯಾನ ಕಟ್ಟಿಸುತ್ತಾನೆ.

“ಉದಯಣ್ಣ, ಇದ್ದೀರಾ?”

“ಬಿಸಿಲು,” ಎಂದ ಉದಯಶಂಕರ. “ಚೊಕ್ಕ ಬಿಸಿಲು. ಒಂದು ಮೋಡಾನೂ ಇರಲ್ಲ.”

“ಗ್ಯಾರಂಟಿನಾ?”

“ಗ್ಯಾರಂಟಿ.”

ದಿನೇಶ ಗಾಬರಿಯಾಗಿ, ಇರುವುದರಲ್ಲೇ ದೊಡ್ಡ ಶಾಮಿಯಾನ ಗೊತ್ತು ಮಾಡಬೇಕೆಂದು ಫೋನಿಟ್ಟ. ಗೀತಾ ಕಾಫಿಯ ಲೋಟ ಹಿಡಿದು ಲ್ಯಾಪ್‌ಟಾಪಿನ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡಿ ಒಳಗೆ ಹೋದಳು.

ಶನಿವಾರ ಮಹಾಮಂಗಳಾರತಿ ಮುಗಿದು ಎಲೆ ಹಾಕುವ ಹೊತ್ತಿಗೆ ಮೊದಲ ಗುಡುಗು ಬಿತ್ತು. ಆಮೇಲೆ ಸುರಿದದ್ದು ಸಾಮಾನ್ಯ ಮಳೆಯಲ್ಲ. ಪಾರ್ಕಿನ ಆಚೆ ತುದಿ ಕಾಣದಂತಾಯಿತು. ಶಾಮಿಯಾನದಡಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ದಿನೇಶ ಮೈಕು ಹಿಡಿದು, ನಮ್ಮ ಉದಯಣ್ಣ ಎಂದೂ ಕೈಬಿಟ್ಟವರಲ್ಲ, ಬಿಸಿಲು ಎಂದು ಅವರು ಗ್ಯಾರಂಟಿ ಕೊಟ್ಟ ಮರುಕ್ಷಣವೇ ಶಾಮಿಯಾನ ಗೊತ್ತು ಮಾಡಿದೆ, ಎಲ್ಲರೂ ಚಪ್ಪಾಳೆ ತಟ್ಟಬೇಕು ಎಂದ. ಗುಡುಗಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಶಾರದಾ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಉದಯಶಂಕರ ಎದ್ದು ನಿಂತು ಕೈಮುಗಿದು ಕೂತ.

ಗೀತಾ ಪಕ್ಕದ ಎಲೆಯಿಂದ ವಾಲಿ, ಅವನಿಗಷ್ಟೇ ಕೇಳುವಂತೆ ಹೇಳಿದಳು. “ಅವತ್ತು ಲ್ಯಾಪ್‌ಟಾಪ್‌ನಲ್ಲಿ ಕೆಂಪಗೆ ಇತ್ತಲ್ಲ, ಅದು ಮಳೇನೇ ಅಲ್ವಾ?”

“ಹೂಂ.”

ಅವಳು ತನ್ನ ಎಲೆಯ ಮೇಲಿದ್ದ ಕಡುಬುಗಳಲ್ಲಿ ಚೆನ್ನಾಗಿ ಮೂಡಿದ್ದ ಒಂದನ್ನು ಆರಿಸಿ ಅವನ ಎಲೆಗೆ ಹಾಕಿ, ತುಪ್ಪದವರನ್ನು ಕೂಗಿದಳು.

ಊಟವಾದ ಮೇಲೆ ಅವನು ಒಂದು ಸ್ಟೀಲಿನ ಲೋಟ ತೆಗೆದುಕೊಂಡು, ಒಳಗೆ ಚೆನ್ನಾಗಿ ಒರೆಸಿ, ಶಾಮಿಯಾನದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೊರಗಿನ ಮಳೆಯಲ್ಲಿಟ್ಟ. ಅದಿತಿ ಬಂದು ಪಕ್ಕದಲ್ಲಿ ಕೂತು, ಇಟ್ಸ್ ಜಸ್ಟ್ ರೇನ್, ಡ್ಯಾಡ್ ಎಂದಳು. ಎಷ್ಟು ಬಿತ್ತು ಅಂತ ಅಡಿಲೇಡಿನ ಆಂಟಿಗೆ ಹೇಳಬೇಕು ಎಂದು ಅವನು ವಿವರಿಸಿದ. ಗಾಳಿ ಬೀಸಿದಾಗ ಲೋಟ ವಾಲಿತು. ಅದಿತಿ ಕೈಚಾಚಿ, ತೋಳು ಪೂರ್ತಿ ನೆನೆಯುವಂತೆ, ಅದನ್ನು ನೆಟ್ಟಗೆ ಹಿಡಿದುಕೊಂಡಳು.